ಮೂರು ಹಾಳೆ ಬಂಗಾರ, ಒಂದು ಹಳೆಯ ಕನ್ನಡಿ

ನಾನು ಚಿಕ್ಕವಳಿದ್ದಾಗ, ಸರಿಯಾಗಿ ಹೇಳಬೇಕೆಂದರೆ ಒಂಬತ್ತು ವರ್ಷ ತುಂಬುವವರೆಗೂ, ನನ್ನನ್ನು ನಾನು ತಲೆಯಿಂದ ಕಾಲಿನವರೆಗೆ ಒಟ್ಟಿಗೆ ನೋಡಿಕೊಂಡಿರಲಿಲ್ಲ. ನಮ್ಮ ಮನೆಯಲ್ಲಿದ್ದದ್ದು ಅಂಗೈ ಅಗಲದ ಒಂದೇ ಕನ್ನಡಿ. ಗಡ್ಡ ಕೆರೆಯುವಾಗ ಅಪ್ಪ ಅದನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದ. ಕುಂಕುಮ ಇಡುವಾಗ ಅವ್ವ ಕೈಯಲ್ಲಿ ಹಿಡಿಯುತ್ತಿದ್ದಳು. ನನ್ನ ಪಾಲಿಗೆ ಅದರಲ್ಲಿ ಒಂದು ಸಲಕ್ಕೆ ಒಂದು ಕೆನ್ನೆ ಕಾಣುತ್ತಿತ್ತು, ಇಲ್ಲವೇ ಒಂದು ಜಡೆ.

ಮೊಮ್ಮಕ್ಕಳೇ, ನಾವು ಆಗಲೂ ಇದೇ ಕುವೈತಿನಲ್ಲಿದ್ದೆವು. ಈಗ ನೀವಿರುವ ಈ ಮಹಬೂಲಾದಲ್ಲಿ ಆಗ ಇಷ್ಟೆತ್ತರದ ಒಂದು ಕಟ್ಟಡವೂ ಇರಲಿಲ್ಲ. ಮರಳು, ಮರಳಿನಾಚೆ ಸಮುದ್ರ, ಅಷ್ಟೇ. ಅವ್ವನಿಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಸಿಕ್ಕಿತ್ತು. ಅವಳ ಹಿಂದೆ ಅಪ್ಪನೂ ನಾನೂ ಬಂದಿದ್ದೆವು.

ಅಪ್ಪ ಕೊಪ್ಪಳದ ಹತ್ತಿರದ ಕಿನ್ನಾಳದವನು. ಅಲ್ಲಿ ಅವನ ಮನೆತನದವರೆಲ್ಲ ಮರ ಕೆತ್ತಿ ಬಣ್ಣ ಹಚ್ಚುವವರು. ಗೊಂಬೆ, ತೊಟ್ಟಿಲು, ಮದುವೆಯ ಮಣೆ, ದೇವರ ಪ್ರಭಾವಳಿ. ಇಲ್ಲಿ ಮಾತ್ರ ಅವನಿಗೆ ಸಿಕ್ಕಿದ್ದು ಶುವೈಖ್‌ನ ಒಂದು ಅಂಗಡಿಯಲ್ಲಿ ಪೆಟ್ಟಿಗೆ ಹೊಡೆಯುವ ಕೆಲಸ. ದೇಶ ಬಿಟ್ಟು ಹೊರಟವರ ಫ್ರಿಜ್ಜು, ಮೇಜು, ಯಂತ್ರದ ಭಾಗ, ಏನೇ ಇರಲಿ, ಅಳತೆ ತೆಗೆದು ಹಲಗೆ ಕೊಯ್ದು ಮೊಳೆ ಹೊಡೆದು ಹಡಗಿಗೆ ಸಿದ್ಧ ಮಾಡಬೇಕು. ನಾಲ್ಕು ವರ್ಷ ಅಪ್ಪ ಬೇರೇನೂ ಮಾಡಿರಲಿಲ್ಲ. ಊರಿನಿಂದ ತಂದ ಸಣ್ಣ ಉಳಿಗಳು ಎಣ್ಣೆಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ತಿಂಗಳಿಗೊಮ್ಮೆ ಅವುಗಳನ್ನು ತೆಗೆದು ಒರೆಸಿ ಮತ್ತೆ ಸುತ್ತಿಡುತ್ತಿದ್ದ.

ಒಂದು ಶುಕ್ರವಾರ ಬೆಳಿಗ್ಗೆ ಅಂಗಡಿಯ ಪಿಕಪ್ ನಮ್ಮ ಮನೆ ಮುಂದೆ ನಿಂತಿತು. ಡ್ರೈವರ್ ಹೈದರಾಬಾದಿನವನು. ನಾವೆಲ್ಲ ಅವನನ್ನು ಭಾಯಿ ಎಂದೇ ಕರೆಯುತ್ತಿದ್ದೆವು. ಸಾಲ್ಮಿಯಾದಲ್ಲಿ ಸ್ವೀಡನ್ ದೇಶದ ಒಬ್ಬ ಮೇಡಂ ಇದ್ದಾರೆ, ಅವರ ಕನ್ನಡಿಗೆ ಪೆಟ್ಟಿಗೆ ಬೇಕಂತೆ, ಅಳತೆಗೆ ಬಾ ಎಂದ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಶಾಲೆಗೆ ರಜೆ. "ಬಾರವ್ವ, ನೀ ಮಾತಾಡಾಕಿ, ನಾ ಅಳತಿ ತಗಿಯಾಂವ" ಎಂದು ನನ್ನನ್ನೂ ಹತ್ತಿಸಿಕೊಂಡ.

ಹೆದ್ದಾರಿಯ ಪಕ್ಕ ದೊಡ್ಡ ಅಣಬೆಗಳ ಹಾಗೆ ನಿಂತಿರುವ ನೀಲಿ-ಬಿಳಿ ಪಟ್ಟೆಯ ನೀರಿನ ಗೋಪುರಗಳನ್ನು ನೀವು ದಿನವೂ ನೋಡುತ್ತೀರಲ್ಲ, ಆಗ ಅಂಥವನ್ನು ಕಟ್ಟುತ್ತಿದ್ದರು. ಕಟ್ಟಿಸುತ್ತಿದ್ದವರಲ್ಲಿ ಸ್ವೀಡನ್ನಿನ ಎಂಜಿನಿಯರುಗಳಿದ್ದರು. ಈ ಮೇಡಂ ಅಂಥ ಒಬ್ಬ ಎಂಜಿನಿಯರರ ಹೆಂಡತಿ. ಬಾಗಿಲು ತೆರೆದವರು ಉದ್ದನೆಯ, ಬಿಳಿಗೂದಲಿನ ಹೆಂಗಸು. ಒಳಗೆ ತಣ್ಣಗಿತ್ತು. ಕಾಫಿಯ ವಾಸನೆ ಬರುತ್ತಿತ್ತು. ಎದುರಿನ ಗೋಡೆಯ ಮೇಲೆ ಒಬ್ಬ ಹುಡುಗಿ, ಕೈಯಲ್ಲಿ ಅಳತೆಪಟ್ಟಿ ಹಿಡಿದು, ಬಾಯಿ ತೆರೆದು ನಿಂತಿದ್ದಳು. ಅವಳ ಒಂದು ಕಾಲುಚೀಲ ಜಾರಿತ್ತು. ಅವಳು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಕ್ಕಳೇ, ಅಂಥ ಕನ್ನಡಿಯನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಅಪ್ಪನಿಗಿಂತ ಎತ್ತರ. ಗಾಜು ಒಂದೇ ತುಂಡಲ್ಲ, ಮೇಲೊಂದು ಕೆಳಗೊಂದು ಎರಡು ತುಂಡು. ಆ ಕಾಲದಲ್ಲಿ ದೊಡ್ಡ ಗಾಜು ಮಾಡುವುದು ಅಷ್ಟು ಕಷ್ಟವಿತ್ತಂತೆ. ಅದರ ಬಣ್ಣ ಬೆಳ್ಳಿಯಂತಿರಲಿಲ್ಲ, ಮೋಡ ಕವಿದ ದಿನದ ಕೆರೆಯ ನೀರಿನಂತೆ ಬೂದು. ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆ, ಚುಕ್ಕೆಗಳ ನಡುವೆ ಮಿನುಗು. ಸುತ್ತ ಬಂಗಾರದ ಚೌಕಟ್ಟು. ನೆತ್ತಿಯ ಮೇಲೆ ರಿಬ್ಬನ್ನಿನ ಗಂಟು, ಗಂಟಿನ ಎರಡೂ ಕಡೆಯಿಂದ ಇಳಿಬಿದ್ದ ಎಲೆಗಳ ಮಾಲೆ. ಮರದ ರಿಬ್ಬನ್ನು ಗಾಳಿಗೆ ಆಗಷ್ಟೇ ಹಾರಿ ನಿಂತ ಹಾಗಿತ್ತು. ಆದರೆ ಗಂಟಿನ ಎಡಗಡೆಯ ಕುಣಿಕೆ ಇರಲಿಲ್ಲ, ಅದರ ಕೆಳಗಿನ ಮೂರು ಎಲೆಗಳೂ ಇರಲಿಲ್ಲ. ಅಲ್ಲಿ ಒಣಮರದ ಮುರಿದ ಬಾಯಿ ಕಾಣುತ್ತಿತ್ತು.

"ಇನ್ನೂರು ವರ್ಷದ ಹಿಂದೆ ಸ್ಟಾಕ್‌ಹೋಮಿನ ಕನ್ನಡಿ ಮಾಡುವವರು ಮಾಡಿದ್ದು" ಎಂದರು ಮೇಡಂ. "ನಮ್ಮ ತಾಯಿಯ ಮನೆತನದಲ್ಲಿತ್ತು. ಪ್ರೀತಿಯಿಂದ ಇಲ್ಲಿಗೆ ತಂದೆ, ಅದೇ ತಪ್ಪಾಯಿತು. ಈ ಒಣ ಹವೆಗೆ ಮರ ಕುಗ್ಗಿತು. ಆ ತುಂಡು ಬಿದ್ದು ಪುಡಿಯಾಯಿತು. ನಾನು ಊರಲ್ಲಿರಲಿಲ್ಲ, ಕಸದ ಜೊತೆ ಹೋಯಿತು. ಇನ್ನೂ ಹಾಳಾಗುವ ಮೊದಲು ಮನೆಗೆ ಕಳಿಸಿಬಿಡುತ್ತೇನೆ."

ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿಸಿಕೊಂಡನೋ ಇಲ್ಲವೋ. ಅಳತೆಪಟ್ಟಿ ನನ್ನ ಕೈಯಲ್ಲೇ ಉಳಿದಿತ್ತು. ಅವನು ಕುರ್ಚಿಯೊಂದನ್ನು ಕೇಳಿ ಹತ್ತಿ ನಿಂತು, ಮುರಿದ ಜಾಗವನ್ನು ಮುಟ್ಟದೆ, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದ. "ಬಂಗಾರದ ಕೆಳಗ ಕೆಂಪು ಮಣ್ಣು ಐತಿ" ಎಂದ ತನ್ನಷ್ಟಕ್ಕೆ. "ಮಣ್ಣಿನ ಕೆಳಗ ಬಿಳಿ ಸುಣ್ಣದಂಥಾದ್ದು. ಅದರ ಕೆಳಗ ಮರ. ನಮ್ಮ ಕಿನ್ನಾಳದ ಕೆಲಸದ್ಹಂಗ ಐತಲ್ಲ!"

ಕೆಳಗಿಳಿದು ನನ್ನ ಕಡೆ ತಿರುಗಿದ. ಅವನ ಕಿವಿ ಕೆಂಪಾಗಿತ್ತು. "ಅವ್ವಾ, ಅವರಿಗೆ ಹೇಳು. ಇಂಥಾ ಕನ್ನಡಿ ಕೆಲಸ ನಾ ಎಂದೂ ಮಾಡಿಲ್ಲ. ಆದ್ರ ಈ ಎಲಿ, ಈ ಗಂಟು ನನ್ನ ಕೈಗೆ ಬರಬಹುದು ಅನಸ್ತೈತಿ. ಒಂದ್ ವಾರ ಕೊಡ್ರಿ, ಸರಿ ಬರಲಿಲ್ಲಂದ್ರ ಹಚ್ಚೂದು ಬ್ಯಾಡ ಅಂತ ಕೇಳು."

ನಾನು ಮೇಡಂ ಕಡೆ ನೋಡಿದೆ. ಅವರು ಅಪ್ಪನ ಸವೆದ ಚಪ್ಪಲಿಯನ್ನೂ, ಸೊಂಟದ ಮೊಳೆಚೀಲವನ್ನೂ ನೋಡುತ್ತಿದ್ದರು. ಎಂದೂ ಮಾಡಿಲ್ಲ ಎಂದರೆ ಇವರು ಒಪ್ಪುವುದಿಲ್ಲ ಎಂದು ನನಗೆ ಖಚಿತವಾಯಿತು. ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಇಂಥ ಕನ್ನಡಿಗಳನ್ನು ನಮ್ಮಪ್ಪ ನೂರಾರು ಮಾಡಿದ್ದಾನೆ. ಅರಮನೆಗಳಿಗೆ. ಒಂದು ವಾರ ಸಾಕಂತೆ."

ಮೇಡಂ ಅವರ ಹುಬ್ಬು ಮೇಲೇರಿತು. ಅವರು ಅಪ್ಪನ ಕೈಗಳನ್ನು ನೋಡಿದರು, ಆಮೇಲೆ ತಲೆಯಾಡಿಸಿದರು. ಅಪ್ಪ ನನ್ನ ತಲೆ ಸವರಿದ. ಆಮೇಲೆ ಅವನು ಮತ್ತೆ ಕುರ್ಚಿ ಹತ್ತಿ ಮುರಿದ ಜಾಗದ, ಬಲಗಡೆಯ ಕುಣಿಕೆಯ ಅಳತೆ ತೆಗೆಯುವಾಗ ನಾನು ಪಟ್ಟಿಯ ತುದಿ ಹಿಡಿದು ಬೇರೆ ಕಡೆ ನೋಡಿದೆ.

ಆ ವಾರ ನಮ್ಮ ಮನೆ ಕಿನ್ನಾಳವಾಯಿತು. ಉಳಿಗಳು ಟ್ರಂಕಿನಿಂದ ಹೊರಗೆ ಬಂದವು. ಕೆಲಸ ಮುಗಿಸಿ ಬಂದ ಅಪ್ಪ ಕೈಕಾಲು ತೊಳೆದು ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕಿತ್ತು. ಯಾವುದೋ ಹಳೆಯ ಪೆಟ್ಟಿಗೆಯಿಂದ ಬಂದ ಪೈನ್ ಮರದ ತುಂಡು ಅವನ ಬೆರಳ ನಡುವೆ ದಿನದಿನಕ್ಕೆ ತೆಳ್ಳಗಾಗುತ್ತ, ಬಾಗುತ್ತ, ರಿಬ್ಬನ್ನಾಗುತ್ತ, ಮೂರು ಎಲೆಗಳಾಗುತ್ತ ಹೋಯಿತು. ಮನೆ ತುಂಬ ಮರದ ಅಂಟಿನ ಘಮ. ಅವ್ವ ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ನೆನೆಹಾಕಿ ಅರೆದುಕೊಟ್ಟಳು. ಕಿನ್ನಾಳದ ಗೊಂಬೆಗೆ ಹಚ್ಚುವ ಅಂಟು ಅದೇ. ಅದರಲ್ಲಿ ಸುಣ್ಣದ ಪುಡಿ ಕಲಸಿ ಅಪ್ಪ ಮರಕ್ಕೆ ತೆಳುವಾಗಿ ಹಚ್ಚಿದ, ಒಣಗಿಸಿದ, ಉಜ್ಜಿದ, ಮತ್ತೆ ಹಚ್ಚಿದ. ಹೊಸ್ತಿಲಿಗೆಂದು ಅವ್ವ ಊರಿನಿಂದ ತಂದಿಟ್ಟುಕೊಂಡಿದ್ದ ಕೆಮ್ಮಣ್ಣು ಕೊನೆಯ ಲೇಪವಾಯಿತು. ಗುರುವಾರ ರಾತ್ರಿ ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅವ್ವ "ಅದು ಮರಾನಽ ಅಲ್ಲ ಬಿಡ್ರಿ" ಎಂದಳು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಕುವೈತಿನಲ್ಲಿ ನೋಡಿರಲಿಲ್ಲ.

ಮರುದಿನ ಶುಕ್ರವಾರ. ಕನ್ನಡಿಯನ್ನು ಗೋಡೆಯಿಂದ ಇಳಿಸಲು ಭಾಯಿಯೂ ಒಳಗೆ ಬಂದ. ಅಪ್ಪ, ಭಾಯಿ, ಮೇಡಂ ಮೂವರೂ ಸೇರಿ ಅದನ್ನು ಕಂಬಳಿಗಳ ಮೇಲೆ ಮಲಗಿಸಿದರು. ಅಪ್ಪ ಎಲೆಗಳ ಸಮೇತ ಹೊಸ ಕುಣಿಕೆಯನ್ನು ಮುರಿದ ಜಾಗಕ್ಕೆ ಇಟ್ಟು ನೋಡಿದ. ಕೂದಲೆಳೆಯಷ್ಟು ಕೆರೆದ. ಮತ್ತೆ ಇಟ್ಟ. ಕೂತಿತು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಅಂಟು ಹಿಡಿಯುವವರೆಗೆ ಕಾದೆವು. ಆಮೇಲೆ ಅವರು ಒಳಗಿನಿಂದ ಒಂದು ಪುಟ್ಟ ಕಾಗದದ ಪುಸ್ತಕ ತಂದರು. ಅದರ ಹಾಳೆಗಳ ನಡುವೆ ಬಂಗಾರದ ಹಾಳೆಗಳಿದ್ದವು. ಅವರ ಊರಿನಲ್ಲಿ ಇಂಥ ಚೌಕಟ್ಟುಗಳಿಗೆ ಬಂಗಾರ ಹಚ್ಚುತ್ತಿದ್ದ ಒಬ್ಬ ಮುದುಕ ಅವರ ತಾಯಿಗೆ ಕೊಟ್ಟದ್ದಂತೆ. ಆ ಮುದುಕ ಈಗಿಲ್ಲ. ಉಳಿದಿರುವುದು ಮೂರೇ ಹಾಳೆ. ಅದನ್ನು ಅಪ್ಪನ ಮುಂದೆ ಹಿಡಿದು ಮೇಡಂ ಭಾಯಿಯತ್ತ ತಿರುಗಿ ಏನೋ ಹೇಳಿದರು. ಅವನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಭಾಯಿ ಹಲ್ಲು ಬಿಟ್ಟು ಅಪ್ಪನಿಗೆ ಹಿಂದಿಯಲ್ಲಿ ಹೇಳಿದ. "ಕ್ಯಾ ಬಾತ್ ಹೈ ಭಾಯಿ! ಮೇಡಂ ಹೇಳ್ತಿದ್ದಾರೆ, ಅರಮನೆಗಳಿಗೆ ನೂರಾರು ಬಂಗಾರದ ಕನ್ನಡಿ ಮಾಡಿದವನಿಗೆ ಮೂರು ಹಾಳೆ ಯಾವ ಲೆಕ್ಕ ಅಂತ."

ಚಾಚಿದ್ದ ಅಪ್ಪನ ಕೈ ಹಿಂದೆ ಬಂತು.

ಅವನು ನನ್ನನ್ನು ನೋಡಿದ. ಬೈಯಲಿಲ್ಲ. ದನಿ ಏರಲೂ ಇಲ್ಲ. "ಅವರಿಗೆ ಖರೇ ಹೇಳು" ಎಂದ. "ಆವತ್ತು ನಾ ಹೇಳಿದ್ದ ಮಾತು ಹೇಳು. ಅದರಾಗ ಒಂದೂ ಕೂಡಸಬ್ಯಾಡ, ಒಂದೂ ಕಳೀಬ್ಯಾಡ."

ನನ್ನ ಶೂಗಳನ್ನೇ ನೋಡುತ್ತ ಹೇಳಿದೆ. ನಮ್ಮಪ್ಪ ಕನ್ನಡಿಯ ಕೆಲಸ ಎಂದೂ ಮಾಡಿಲ್ಲ. ಊರಲ್ಲಿ ಗೊಂಬೆ ಮಾಡುತ್ತಿದ್ದ, ಇಲ್ಲಿ ಪೆಟ್ಟಿಗೆ ಮಾಡುತ್ತಾನೆ. ಕೈಗೆ ಬರಬಹುದು ಎಂದಷ್ಟೇ ಅವನು ಹೇಳಿದ್ದು. ಅರಮನೆಯದೆಲ್ಲ ನಾನು ಹೇಳಿದ ಸುಳ್ಳು.

ಮೇಡಂ ಪುಸ್ತಕ ಹಿಡಿದುಕೊಂಡೇ ಒಳಗೆ ಹೋದರು. ಭಾಯಿ ನೆಲ ನೋಡಿದ. ಅಪ್ಪ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತತೊಡಗಿದ. ಅದನ್ನು ನೋಡುತ್ತ ನನಗೆ ಅಳು ಬಂತು. ನಾಲ್ಕು ವರ್ಷದ ಮೇಲೆ ಹೊರಗೆ ಬಂದ ಉಳಿಗಳು ನನ್ನಿಂದ ಮತ್ತೆ ಟ್ರಂಕಿಗೆ ಹೋಗುತ್ತವೆ ಎನಿಸಿತು.

ಮೇಡಂ ಹೊರಗೆ ಬಂದಾಗ ಅವರ ಕೈಯಲ್ಲಿ ಬ್ಯಾಟರಿಯಿತ್ತು. ಕನ್ನಡಿಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ ಎಂದರು. ಅದರ ಬೆನ್ನಿಗೆ ಬೆಳಕು ಬಿಟ್ಟು ನನ್ನನ್ನು ಹತ್ತಿರ ಕರೆದರು. "ಅಪ್ಪನಿಗೆ ಹೇಳುತ್ತ ಹೋಗು" ಎಂದರು.

ಬೆನ್ನಿನಲ್ಲಿ ಬಂಗಾರವಿರಲಿಲ್ಲ. ಒರಟು ಹಲಗೆ, ಅದರ ಮೇಲೆ ಕೀಸುಳಿಯ ಗೆರೆಗಳು. ಮೂಲೆಯಲ್ಲಿ ಅಳಿಸಿಹೋದ ಒಂದು ಮುದ್ರೆ. "ಇದು ಕಾರ್ಖಾನೆಯ ಯಜಮಾನನ ಹೆಸರು" ಎಂದರು ಮೇಡಂ. "ಅದೊಂದೇ ಉಳಿದಿರುವುದು. ಆದರೆ ಮರ ಕೆತ್ತಿದವನು ಬೇರೆ, ಬಂಗಾರ ಹಚ್ಚಿದವನು ಬೇರೆ, ಗಾಜಿಗೆ ಹೊಳಪು ಕೊಟ್ಟವನು ಬೇರೆ." ಆ ಹೊಳಪು ಕೊಡುತ್ತಿದ್ದ ಬಗೆಯನ್ನು ಅವರು ಕೈಯಲ್ಲಿ ಮಾಡಿ ತೋರಿಸಿದರು. ಕಲ್ಲಿನ ಮೇಜಿನ ಮೇಲೆ ಕಾಗದದಷ್ಟು ತೆಳುವಾದ ತವರದ ಹಾಳೆ ಹಾಸಬೇಕು. ಅದರ ಮೇಲೆ ಪಾದರಸ ಸುರಿದು ಮೊಲದ ಪಾದದಿಂದ ಮೆಲ್ಲಗೆ ಸವರಬೇಕು. ಅದರ ಮೇಲೆ ಗಾಜನ್ನು ಜಾರಿಸಿ, ಭಾರ ಹೇರಿ, ಮೇಜನ್ನು ಓರೆ ಮಾಡಿ ಪಾದರಸ ಬಸಿದು ಹೋಗಲೆಂದು ದಿನಗಟ್ಟಲೆ ಕಾಯಬೇಕು. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಎಲ್ಲ ಮೊದಲಿನಿಂದ.

"ಪಾದರಸದ ಹಬೆ ವಿಷ" ಎಂದರು. "ಕೆಲವು ವರ್ಷಕ್ಕೆ ಅವರ ಕೈ ನಡುಗಲು ಶುರುವಾಗುತ್ತಿತ್ತು, ಹಲ್ಲು ಉದುರುತ್ತಿದ್ದವು. ನೀರಿನ ಲೋಟ ಹಿಡಿಯಲಾಗದವರು ಈ ಗಾಜನ್ನು ಇಷ್ಟು ನಯವಾಗಿ ಮಾಡಿದ್ದಾರೆ. ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದೆ. ಒಂದು ಮೇಣದ ಬತ್ತಿ ಎರಡಾಗಿ ಕಾಣಲಿ ಎಂದು ಜನ ಇದನ್ನು ಗೋಡೆಗೆ ಹಾಕುತ್ತಿದ್ದರು."

ಅಪ್ಪ ಉಳಿ ಸುತ್ತುವುದನ್ನು ನಿಲ್ಲಿಸಿದ್ದ. ಮೇಡಂ ಬ್ಯಾಟರಿಯನ್ನು ಚೌಕಟ್ಟಿನ ಒಳಅಂಚಿಗೆ ತಿರುಗಿಸಿದರು. ಅಲ್ಲಿ ಬಿಳಿ ಲೇಪದ ಮೇಲೆ ಒಂದು ಹೆಬ್ಬೆರಳಿನ ಗುರುತಿತ್ತು. ಲೇಪ ಹಸಿಯಿದ್ದಾಗ ಯಾರೋ ಒತ್ತಿ ಹಿಡಿದದ್ದು. ಗೆರೆಗಳು ಸುಳಿಸುಳಿಯಾಗಿ ನಿನ್ನೆ ಮೂಡಿದಷ್ಟು ಸ್ಪಷ್ಟವಾಗಿದ್ದವು. ಇನ್ನೂರು ವರ್ಷ! ಆ ಮನುಷ್ಯ ಮಣ್ಣಾಗಿ, ಅವನ ಮಕ್ಕಳ ಮಕ್ಕಳೂ ಮಣ್ಣಾಗಿದ್ದರು. ಅವನ ಬೆರಳು ಇಲ್ಲಿತ್ತು, ಕುವೈತಿನಲ್ಲಿ, ನನ್ನ ಮೂಗಿನ ಎದುರು. ಅಪ್ಪ ಎರಡೂ ಕೈ ಜೋಡಿಸಿದ. ದೇವರ ಮನೆಯಲ್ಲಿ ಜೋಡಿಸುವ ಹಾಗೆಯೇ.

"ಇವನೂ ಯಾವತ್ತೋ ಒಂದು ದಿನ ಮೊದಲ ಕನ್ನಡಿ ಮಾಡಿರಬೇಕಲ್ಲ" ಎಂದರು ಮೇಡಂ. ಬಂಗಾರದ ಪುಸ್ತಕವನ್ನು ಅಪ್ಪನ ಅಂಗೈ ಮೇಲಿಟ್ಟರು. ಆಮೇಲೆ ನನ್ನ ಗಲ್ಲ ಎತ್ತಿ, "ನೀನು ನಿಜ ಹೇಳಿದ್ದಕ್ಕೇ ಇದನ್ನು ಕೊಡುತ್ತಿದ್ದೇನೆ. ಅದನ್ನೂ ಅಪ್ಪನಿಗೆ ಹೇಳು" ಎಂದರು.

ಬಂಗಾರದ ಹಾಳೆ ಎಷ್ಟು ಹಗುರ ಗೊತ್ತೇ? ಎಸಿ ಆರಿಸಬೇಕಾಯಿತು. ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಹೊರಗೆ ಬಿಸಿಲು ಕೊಪ್ಪರಿಗೆಯಂತೆ ಕುದಿಯುತ್ತಿತ್ತು. ನಿಮಿಷಗಳಲ್ಲಿ ನಾವೆಲ್ಲ ಬೆವರಿನಲ್ಲಿ ತೊಯ್ದೆವು. ಅಪ್ಪ ಹಣೆಗೆ ಟವೆಲ್ ಬಿಗಿದುಕೊಂಡ, ಬೆವರಿನ ಹನಿ ಬೀಳದಿರಲೆಂದು. ಊರಲ್ಲಿ ಪ್ರಭಾವಳಿಗೆ ಹೊಳಪಿನ ಹಾಳೆ ಹಚ್ಚಿದ ನೆನಪಿನಲ್ಲಿ ಕೆಮ್ಮಣ್ಣಿನ ಮೇಲೆ ಗೋಂದಿನ ನೀರು ಸವರಿ, ಮೃದುವಾದ ಕುಂಚದಿಂದ ಮೊದಲ ಹಾಳೆಯನ್ನು ಎತ್ತಿದ. ಅದು ಜೀವ ಬಂದಂತೆ ನಡುಗಿತು, ಮಡಚಿಕೊಂಡಿತು, ನಡುವೆಯೇ ಹರಿದು ಕುಂಚಕ್ಕೆ ಸುತ್ತಿಕೊಂಡಿತು. ಅಪ್ಪ ಕಣ್ಣು ಮುಚ್ಚಿ ಒಂದು ಗಳಿಗೆ ಕೂತ. ಅವನ ಬೆರಳುಗಳು ಗಾಳಿಯಲ್ಲೇ ಏನೋ ಅಳೆದವು.

ಎರಡನೆಯ ಹಾಳೆ ಎತ್ತಿದ. "ಉಸಿರು ಹಿಡೀರಿ" ಎಂದ. ನಾನು ಇಂಗ್ಲಿಷಿನಲ್ಲಿ ಹೇಳದಿದ್ದರೂ ಮೇಡಂ ಉಸಿರು ಹಿಡಿದರು. ಹಾಳೆ ತೇಲುತ್ತ ಇಳಿಯಿತು. ಕುಣಿಕೆಯ ಮೇಲೆ ಕೂತದ್ದೇ ತಡ, ಕೆಂಪು ಮಣ್ಣು ಅದನ್ನು ಸೆಳೆದುಕೊಂಡಿತು. ಮರದ ಒಂದೊಂದು ಮಡಿಕೆಯೂ ಬಂಗಾರದಲ್ಲಿ ಎದ್ದು ಬಂತು. ಮೂರನೆಯದು ಎಲೆಗಳಿಗೆ. ಹರಿದ ಚೂರುಗಳನ್ನೂ ಬಿಡಲಿಲ್ಲ. ಖಾಲಿ ಉಳಿದ ಜಾಗಗಳ ಮೇಲೆ ಬಾಯಿಂದ ಹಾ ಎಂದು ಉಸಿರಿನ ತೇವ ಬಿಟ್ಟು, ಚೂರುಗಳನ್ನು ಒಂದೊಂದಾಗಿ ಕೂರಿಸಿದ. ಕೊನೆಗೆ ಒಂದು ಎಲೆಯ ಅಡಿಯಲ್ಲಿ ಉಗುರಿನಷ್ಟು ಜಾಗಕ್ಕೆ ಬಂಗಾರ ಸಾಲಲಿಲ್ಲ. ಅಲ್ಲಿ ಕೆಮ್ಮಣ್ಣು ಹಾಗೇ ಉಳಿಯಿತು. ಅಪ್ಪ ತೋರಿಸಿದ, ಆ ಮಣ್ಣು ನಮ್ಮ ಊರಿನದೆಂದು ನಾನು ಹೇಳಿದೆ. ಮೇಡಂ "ಇರಲಿ, ಅದು ನಿಮ್ಮ ಊರಿನದು" ಎಂದರು.

ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಹಾಲಿಲ್ಲದ ಕಡು ಚಹಾದಲ್ಲಿ ಬಟ್ಟೆ ಅದ್ದಿ ಸವರಿ ಹೊಸ ಬಂಗಾರಕ್ಕೆ ಒಂದಿಷ್ಟು ವಯಸ್ಸು ತಂದ. ಸಂಜೆ ಕನ್ನಡಿಯನ್ನು ಎತ್ತಿ ನಿಲ್ಲಿಸಿದಾಗ ಕಿಟಕಿಯಿಂದ ಸಮುದ್ರದ ಕಡೆಯ ಬೆಳಕು ಬಂದು ಅದರ ಮೇಲೆ ಬಿತ್ತು. ಬೂದು ಗಾಜು ಆ ಬೆಳಕನ್ನು ಮೃದು ಮಾಡಿ ಮನೆ ತುಂಬ ಹರಡಿತು. ಅದರಲ್ಲಿ ನಾವು ನಾಲ್ವರೂ ಕಂಡೆವು. ಭಾಯಿ, ಮೇಡಂ, ಟವೆಲ್ ಕಟ್ಟಿದ ಅಪ್ಪ, ಅತ್ತು ಊದಿದ ಮುಖದ ನಾನು. ನಮ್ಮ ನೆತ್ತಿಯ ಮೇಲೆ ರಿಬ್ಬನ್ನಿನ ಎರಡೂ ಕುಣಿಕೆ ಹಾರುತ್ತಿದ್ದವು. ಯಾವುದು ಹಳೆಯದು, ಯಾವುದು ಅಪ್ಪನದು? ನನಗೆ ಗೊತ್ತಿದ್ದೂ ಎರಡೆರಡು ಸಲ ಹುಡುಕಬೇಕಾಯಿತು.

ಮೇಡಂ ಪೆನ್ಸಿಲ್ ಕೊಟ್ಟು ಬೆನ್ನಿನ ಹಲಗೆಯ ಮೇಲೆ ಹೆಸರು ಬರೆಯಲು ಹೇಳಿದರು. ಅಪ್ಪ ಬಹಳ ಹೊತ್ತು ಯೋಚಿಸಿ ಕನ್ನಡದಲ್ಲಿ ಬರೆದ. ಮೊದಲು ತನ್ನ ಹೆಸರು, ಅದರ ಮುಂದೆ "ಕಿನ್ನಾಳ". ಕೆಳಗೆ ಇನ್ನೊಂದು ಸಾಲು: "ಕೆಲಸ ನನ್ನದು. ಮಾತು ನನ್ನ ಮಗಳದು." ಏನೆಂದು ಮೇಡಂ ಕೇಳಿದಾಗ ನಾನು ಓದಿ ಹೇಳಿದೆ. ಹೇಳುತ್ತ ಹೇಳುತ್ತ ಮತ್ತೆ ಅಳು ಬಂತು.

ಮುಂದಿನ ವಾರ ಅಪ್ಪನೇ ಪೆಟ್ಟಿಗೆ ಮಾಡಿದ. ಒಳಗೆ ಕಂಬಳಿ, ಹತ್ತಿ, ಮರದ ಸುರುಳಿ ಹಾಸಿ ಮಗುವನ್ನು ಮಲಗಿಸುವ ಹಾಗೆ ಕನ್ನಡಿಯನ್ನು ಇಟ್ಟ. ಅದು ಹಡಗು ಹತ್ತಿ ಹೋಯಿತು. ತಲುಪಿತು ಎಂದು ಮೇಡಂ ಒಂದು ಸಲ ಹೇಳಿ ಕಳಿಸಿದರು. ಆಮೇಲೆ ಅವರೂ ಹೊರಟುಹೋದರು. ಈಗ ಅದು ಯಾರ ಮನೆಯ ಗೋಡೆಯಲ್ಲಿದೆಯೋ ನನಗೆ ಗೊತ್ತಿಲ್ಲ. ಅಪ್ಪ ಪೆಟ್ಟಿಗೆ ಹೊಡೆಯುವ ಕೆಲಸವನ್ನೇ ಮುಂದುವರಿಸಿದ, ಆದರೆ ಉಳಿಗಳು ಮಾತ್ರ ಟ್ರಂಕಿಗೆ ಹೋಗಲಿಲ್ಲ. ರಜೆಯ ದಿನಗಳಲ್ಲಿ ಏನಾದರೂ ಕೆತ್ತುತ್ತಲೇ ಇದ್ದ.

ನಿಮ್ಮ ದಿನಗಳು ಬೇರೆ. ಹನ್ನೊಂದನೆಯ ಮಹಡಿಯಿಂದ ಶಾಲೆಯ ಬಸ್ಸಿನವರೆಗೆ ನೀವು ನಿಮ್ಮನ್ನು ಎಷ್ಟು ಕಡೆ ನೋಡಿಕೊಳ್ಳುತ್ತೀರಿ! ಬಚ್ಚಲಲ್ಲಿ, ಕಪಾಟಿನ ಬಾಗಿಲಲ್ಲಿ, ಲಿಫ್ಟಿನ ಮೂರು ಗೋಡೆಗಳಲ್ಲಿ, ಕೆಳಗಿನ ಅಂಗಡಿಯ ಗಾಜಿನಲ್ಲಿ, ಮತ್ತೆ ಫೋನಿನಲ್ಲಿ ಬೆಕ್ಕಿನ ಕಿವಿ, ಮೀಸೆ ಅಂಟಿಸಿಕೊಂಡು. ನಿಮ್ಮ ನಗು ನೋಡಿ ನನಗೂ ನಗು ಬರುತ್ತದೆ. ಅಂಗೈ ಅಗಲದ ಕನ್ನಡಿಯೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಜಡೆ ನೆಟ್ಟಗಿದೆಯೋ ಇಲ್ಲವೋ ಎಂದೂ ತಿಳಿಯುತ್ತಿರಲಿಲ್ಲ. ನಿಮ್ಮ ಕನ್ನಡಿಗಳಿಗಾಗಿ ಯಾರೂ ಪಾದರಸದ ಹಬೆ ಕುಡಿಯಬೇಕಿಲ್ಲ, ಅದು ನನಗೆ ಬಹಳ ಸಮಾಧಾನ.

ಹೋದ ವಾರ ನಮ್ಮ ಲಿಫ್ಟಿನ ಕನ್ನಡಿ ಬಿರುಕುಬಿಟ್ಟಿತ್ತಲ್ಲ. ಸುಲೈಬಿಯಾದ ಗೋದಾಮಿನಿಂದ ಇಬ್ಬರು ಹೊಸದನ್ನು ಹೊತ್ತು ತಂದು ಲಾಬಿಯಲ್ಲಿ ಗೋಡೆಗೊರಗಿಸಿದ್ದರು. ನಾನು ನಿಮ್ಮ ತಂಗಿಯ ಕೈ ಹಿಡಿದು ಲಿಫ್ಟಿಗೆ ಕಾಯುತ್ತಿದ್ದೆ. ಅವಳು ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದಳು, ಮೂಗು ಅದುಮಿ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಅವರ ಕಡೆ ತಿರುಗಿ, ಇದು ತುಂಬ ಭಾರವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರಲ್ಲಿ ಹಿರಿಯನು ಬೆವರು ಒರೆಸಿಕೊಂಡು ನಕ್ಕ. "ಆಜಾ ಬೇಟಾ" ಎಂದು ಕರೆದು, ತನ್ನ ದಪ್ಪ ಕೈಗವಸುಗಳನ್ನು ಅವಳ ಪುಟ್ಟ ಕೈಗಳಿಗೆ ಹಾಕಿ, ಕನ್ನಡಿಯ ಕೆಳಅಂಚಿನಲ್ಲಿ ಹಿಡಿಸಿದ. ಆಮೇಲೆ ಅವರಿಬ್ಬರೂ ಅದನ್ನು ಅರ್ಧ ಗೇಣು ಎತ್ತಿ, ಒಂದೇ ಒಂದು ಕ್ಷಣ, ಅದರ ಭಾರದ ಒಂದು ಚೂರನ್ನು ಅವಳ ಕೈಗೂ ಬಿಟ್ಟರು.

ಅವಳ ಕಣ್ಣು ಅಗಲವಾದವು. ನಾನು ಎಷ್ಟು ಕನ್ನಡದಲ್ಲಿ ಮಾತಾಡಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಆ ಹುಡುಗಿ ಇಡೀ ಲಾಬಿಗೆ ಕೇಳುವ ಹಾಗೆ ಕೂಗಿದಳು, "ಅಯ್ಯಪ್ಪಾ, ಅಜ್ಜಿ! ಎಷ್ಟು ಭಾರ ಐತಿ!"